ಇಳಿಜಾರು ಸೈಟಿನಲ್ಲಿ ಅಡಿಪಾಯದ ಸುತ್ತ ಮಣ್ಣು ಕೂರಿಸುವುದು ಹೇಗೆ? ಹಾಲ್ ಒಳಗೆ ಹುಲ್ಲು ಬರುತ್ತಿದೆ!

ಮಣ್ಣುಗೆರೆ

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಯಾರಾದರೂ ದಾರಿ ತೋರಿಸಿ.

12 ಮೀಟರ್ ಉದ್ದ, 9 ಮೀಟರ್ ಅಗಲದ ಚಿಕ್ಕ ಮನೆ. ಸೈಟು ಹಿಂದಿನಿಂದ ಮುಂದಕ್ಕೆ ಇಳಿಯುತ್ತದೆ, ಸುಮಾರು 20 ಡಿಗ್ರಿ. ಕಟ್ಟಡದ ಮಾಡೆಲ್ ಮಾಡುವ ಸಾಫ್ಟ್‌ವೇರ್ ರೆವಿಟ್ 2025ರಲ್ಲಿ ಮಾಡುತ್ತಿದ್ದೇನೆ. ಸರ್ವೆಯವರು ಕೊಟ್ಟ ಡಿಡಬ್ಲ್ಯೂಜಿ ಫೈಲಿನಿಂದ ನೆಲ ಮಾಡಿದರೆ ಹಲಗೆ ಥರ ಚಪ್ಪಟೆ ಬಂತು. ಬೇಸರವಾಗಿ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುವ ಎತ್ತರದ ಡೇಟಾ ಇಳಿಸಿಕೊಂಡು ಅದರಿಂದ ಟೋಪೋಸಾಲಿಡ್, ಅಂದರೆ ಸೈಟಿನ ನೆಲದ ಮಾಡೆಲ್, ಮಾಡಿದೆ. ಈಗ ಹಿಂದಿನ ಅರ್ಧ ಮನೆ ಮಣ್ಣಲ್ಲಿ ಹೂತಿದೆ, ಮುಂದಿನ ಅರ್ಧ ಗಾಳಿಯಲ್ಲಿ ನಿಂತಿದೆ. ಹಾಲ್‌ನಲ್ಲಿ ಕ್ಯಾಮೆರಾ ಇಟ್ಟರೆ ಸೋಫಾ ಹಿಂದೆ ಹಸಿರು ಹುಲ್ಲು!

ವಿಡಿಯೋಗಳಲ್ಲಿ ಎಲ್ಲರೂ ‘ಬಿಲ್ಡಿಂಗ್ ಪ್ಯಾಡ್ ಒತ್ತಿ’ ಅನ್ನುತ್ತಾರೆ. ನನ್ನ ರಿಬ್ಬನ್‌ನಲ್ಲಿ ಆ ಬಟನ್ನೇ ಇಲ್ಲ. ನಾನೇನಾದರೂ ಆಫ್ ಮಾಡಿಬಿಟ್ಟಿದ್ದೇನಾ?

ರಾತ್ರಿರೆಂಡರ್

ಸೋಫಾ ಹಿಂದೆ ಹುಲ್ಲು ಬಂದರೆ ‘ಒಳಾಂಗಣ ತೋಟ’ ಅಂತ ಹೆಸರಿಟ್ಟು ಕ್ಲೈಂಟ್‌ಗೆ ಕಳಿಸಿ, ಖುಷಿಪಡುತ್ತಾರೆ 😄

ತಮಾಷೆ ಬಿಡಿ. ಬರೀ ಚಿತ್ರಕ್ಕಾದರೆ ಮನೆಯಷ್ಟೇ ಅಗಲದ ಒಂದು ಮಾಸ್ ಬಾಕ್ಸ್ (ಬರೀ ಗಟ್ಟಿ ಪೆಟ್ಟಿಗೆ ಆಕಾರ) ಮಾಡಿ, ಅದರಿಂದ ನೆಲ ಕತ್ತರಿಸಿ. ಐದು ನಿಮಿಷದ ಕೆಲಸ.

ಹಳೇಸ್ಕೇಲು

ನೀವೇನೂ ಆಫ್ ಮಾಡಿಲ್ಲ. 2023ರ ಆವೃತ್ತಿಯವರೆಗೆ ನೆಲ ಅಂದರೆ ಟೋಪೋಸರ್ಫೇಸ್, ದಪ್ಪವಿಲ್ಲದ ಒಂದು ಹಾಳೆ. ಆ ಹಾಳೆಯಲ್ಲಿ ಕಿಟಕಿ ಕೊರೆದ ಹಾಗೆ ಜಾಗ ಬಿಡಿಸಲು ಪ್ಯಾಡ್ ಇತ್ತು. 2024ರಲ್ಲಿ ಟೋಪೋಸಾಲಿಡ್ ಬಂತು. ಅದು ಗಟ್ಟಿ ವಸ್ತು, ಫ್ಲೋರ್ ಥರ ಪದರ ಪದರವಾಗಿರುತ್ತದೆ. ಅದು ಬಂದ ಮೇಲೆ ಪ್ಯಾಡ್ ಹೋಯಿತು. ನಿಮ್ಮ 2025ರಲ್ಲಿ ಎಕ್ಸ್‌ಕವೇಟ್ ಅನ್ನುವ ಟೂಲ್ ಇದೆ. ಫ್ಲೋರ್, ರೂಫ್ ಅಥವಾ ಇನ್ನೊಂದು ಟೋಪೋಸಾಲಿಡ್‌ನಿಂದ ನೆಲವನ್ನು ಅಗೆಯಬಹುದು. ಎಷ್ಟು ಮಣ್ಣು ಹೋಯಿತು ಅನ್ನುವುದನ್ನೂ ಹೇಳುತ್ತದೆ. ವಿಡಿಯೋ ನೋಡುವಾಗ ಯಾವ ವರ್ಷದ ಆವೃತ್ತಿ ಅಂತ ಮೊದಲು ನೋಡಿಕೊಳ್ಳಿ.

ಆದರೆ ಟೂಲ್ ಸಿಕ್ಕಿತು ಅಂತ ಈಗಲೇ ಅಗೆಯಬೇಡಿ. ಗುಂಡಿ ತೋಡುವುದು ಇದರಲ್ಲಿ ಸುಲಭದ ಭಾಗ. ಮನೆಯ ಹೊರಗೋಡೆ ಮತ್ತು ಮಣ್ಣು ಸೇರುವ ಗೆರೆ ಇದೆಯಲ್ಲ, ಅದು ಪ್ರತಿ ಮೂಲೆಯಲ್ಲಿ ಎಷ್ಟು ಮಟ್ಟದಲ್ಲಿರಬೇಕು ಅಂತ ನೀವು ಇನ್ನೂ ನಿರ್ಧರಿಸಿಲ್ಲ ಅನ್ನಿಸುತ್ತದೆ. ಅದು ಗೊತ್ತಾಗದೆ ಎಷ್ಟು ಬಟನ್ ಒತ್ತಿದರೂ ನೆಲ ಸರಿ ಕೂರುವುದಿಲ್ಲ.

ಇನ್ನೊಂದು, 20 ಡಿಗ್ರಿ ಅಂದಿದ್ದೀರಿ. ನಿಜವಾಗಿ ಡಿಗ್ರಿಯಾ, ಶೇಕಡಾನಾ? 20 ಡಿಗ್ರಿ ಅಂದರೆ ಶೇ. 36ಕ್ಕೂ ಜಾಸ್ತಿ. ಅದು ಭಾರೀ ಕಡಿದು.

ಮಟ್ಟಗೋಲು

ಸರ್ವೆ ಕೆಲಸ ಮಾಡುವವನು ನಾನು. ಓದಿ ಹೊಟ್ಟೆ ಉರಿಯಿತು, ಕ್ಷಮಿಸಿ.

ಆ ಉಚಿತ ಡೇಟಾ ಬಹುಶಃ ಎಸ್ಆರ್‌ಟಿಎಂ ಅಥವಾ ಅದರ ಥರದ್ದೇ ಒಂದು. ಎಸ್ಆರ್‌ಟಿಎಂ ಅಂದರೆ 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಸುತ್ತಿ ರಾಡಾರ್‌ನಲ್ಲಿ ಅಳೆದದ್ದು. ಅದರ ಒಂದು ಚುಕ್ಕಿ ನೆಲದ ಮೇಲೆ ಸುಮಾರು 30 ಮೀಟರ್. ನಿಮ್ಮ ಇಡೀ ಮನೆ ಒಂದೇ ಚುಕ್ಕಿಯೊಳಗೆ ಮುಳುಗಿಹೋಗುತ್ತದೆ! ಎತ್ತರದಲ್ಲಿ 16 ಮೀಟರ್‌ವರೆಗಿನ ತಪ್ಪನ್ನು ಒಪ್ಪಿಕೊಂಡೇ ಆ ಕೆಲಸ ಶುರುವಾಗಿದ್ದು. ದಟ್ಟ ಮರಗಳಿದ್ದರೆ ಅದು ಅಳೆದದ್ದು ನೆಲವನ್ನಲ್ಲ, ಎಲೆಯ ಚಾವಣಿಯನ್ನು. ದೂರದ ಗುಡ್ಡ ತೋರಿಸೋಕೆ ಚೆನ್ನಾಗಿದೆ. ಅಡಿಪಾಯಕ್ಕೆ ಬೇಡವೇ ಬೇಡ.

ಸರ್ವೆ ಫೈಲ್ ಯಾಕೆ ಚಪ್ಪಟೆ ಬಂತು ಅಂತ ನೋಡೋಣ. ಕ್ಯಾಡ್‌ನಲ್ಲಿ ಒಂದು ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಆರಿಸಿ, ಪ್ರಾಪರ್ಟೀಸ್‌ನಲ್ಲಿ ಎಲಿವೇಶನ್ ಎಷ್ಟಿದೆ ಹೇಳಿ. ಸೊನ್ನೆ ಇದ್ದರೆ ರೋಗ ಗೊತ್ತಾಯಿತು. ಗೆರೆಗಳನ್ನೆಲ್ಲ ಸೊನ್ನೆ ಮಟ್ಟದಲ್ಲೇ ಎಳೆದು, ಎತ್ತರವನ್ನು ಪಕ್ಕದಲ್ಲಿ ಅಕ್ಷರವಾಗಿ ಬರೆದಿರುತ್ತಾರೆ. ಕಾಗದದ ಮೇಲೆ ಓದುವವರಿಗೆ ಸರಿ. ಸಾಫ್ಟ್‌ವೇರ್‌ಗೆ ಆ ‘101.50’ ಅನ್ನುವುದು ಸುಮ್ನೆ ನಾಲ್ಕಾರು ಗೀಟು.

ಮಣ್ಣುಗೆರೆ

ಮಟ್ಟಗೋಲು ಸರ್, ನೂರಕ್ಕೆ ನೂರು ಸರಿ. ಎಲ್ಲ ಗೆರೆಯ ಎಲಿವೇಶನ್ ಸೊನ್ನೆ. 24 ಗೆರೆಗಳಿದ್ದವು. ಒಂದೊಂದನ್ನೇ ಆರಿಸಿ ಮಟ್ಟ ತುಂಬಿದೆ, ಅರ್ಧ ಗಂಟೆ ಹಿಡಿಯಿತು. ಮೂರು ದಿನ ಒದ್ದಾಡಿದ್ದಕ್ಕೆ ಅರ್ಧ ಗಂಟೆ!

ಶೇಕಡಾ-ಡಿಗ್ರಿ ವಿಷಯದಲ್ಲೂ ನನ್ನದೇ ತಪ್ಪು. 12 ಮೀಟರ್‌ಗೆ 2.4 ಮೀಟರ್ ಇಳಿಯುತ್ತದೆ. ಅಂದರೆ ಶೇ. 20, ಡಿಗ್ರಿಯಲ್ಲಿ 11.3.

ಮನೆಯ ನಾಲ್ಕು ಮೂಲೆಗಳಲ್ಲಿ ಈಗಿರುವ ನೆಲದ ಮಟ್ಟ, ಮೀಟರ್‌ನಲ್ಲಿ, ಹೀಗಿದೆ. ಹಿಂದಿನ ಎಡಮೂಲೆ ಎ 102.40, ಹಿಂದಿನ ಬಲಮೂಲೆ ಬಿ 102.10, ಮುಂದಿನ ಬಲಮೂಲೆ ಸಿ 99.80, ಮುಂದಿನ ಎಡಮೂಲೆ ಡಿ 100.00. ಮನೆಯೊಳಗಿನ ನೆಲ 101.50ಕ್ಕೆ ಇಟ್ಟಿದ್ದೇನೆ.

ಆದರೆ ಹೊಸ ನೆಲದಲ್ಲಿ ಇನ್ನೊಂದು ವಿಚಿತ್ರ. ನಡುವೆ ಅಲ್ಲಲ್ಲಿ ಮೇಜಿನಂತೆ ಚಪ್ಪಟೆ ತುಂಡುಗಳು ಬಂದಿವೆ. ಸೈಟಿನಲ್ಲಿ ಹಾಗಿಲ್ಲ.

ತ್ರಿಕೋನ

ಇದು ಎಲ್ಲ ಸಾಫ್ಟ್‌ವೇರ್‌ನಲ್ಲೂ ಬರುವ ಕಾಟ. ಒಳಗೆ ಏನಾಗುತ್ತದೆ ಅಂತ ಒಮ್ಮೆ ತಿಳಿದರೆ ಆಮೇಲೆ ಹೆದರಿಕೆ ಇರುವುದಿಲ್ಲ.

ಸಾಫ್ಟ್‌ವೇರ್‌ಗೆ ಕಾಂಟೂರ್ ಗೊತ್ತಿಲ್ಲ. ಅದು ಗೆರೆಯ ಮೇಲಿನ ಚುಕ್ಕಿಗಳನ್ನು ತೆಗೆದುಕೊಂಡು, ಹತ್ತಿರದ ಮೂರು ಮೂರನ್ನು ಸೇರಿಸಿ ತ್ರಿಕೋನ ಮಾಡುತ್ತದೆ. ಸಾಮಾನ್ಯವಾಗಿ ಬಳಸುವುದು ಬೋರಿಸ್ ಡೆಲೋನೆ 1934ರಲ್ಲಿ ಕೊಟ್ಟ ನಿಯಮ: ಮೂರು ಚುಕ್ಕಿ ಮುಟ್ಟಿ ಹೋಗುವ ವೃತ್ತದೊಳಗೆ ನಾಲ್ಕನೇ ಚುಕ್ಕಿ ಇರಬಾರದು. ಸೂಜಿಯಂಥ ತೆಳ್ಳನೆ ತ್ರಿಕೋನಗಳನ್ನು ಆದಷ್ಟು ತಪ್ಪಿಸುವ ಒಳ್ಳೆಯ ನಿಯಮ. ಆದರೆ ಅದು ನೋಡುವುದು ಮೇಲಿನಿಂದ ಮಾತ್ರ, ಎತ್ತರವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಈಗ ಒಂದು ದಿಣ್ಣೆಯ ಮೂಗು ಇದೆ ಅಂದುಕೊಳ್ಳಿ. ಕಾಂಟೂರ್ ಗೆರೆ ಅಲ್ಲಿ ಹೇರ್‌ಪಿನ್ ಥರ ತಿರುಗುತ್ತದೆ. ಆ ತಿರುವಿನೊಳಗೆ ಹತ್ತಿರದ ಮೂರು ಚುಕ್ಕಿಗಳೂ ಅದೇ ಗೆರೆಯವು. ಮೂರಕ್ಕೂ ಒಂದೇ ಎತ್ತರ. ಆ ತ್ರಿಕೋನ ಚಪ್ಪಟೆಯಾಗದೆ ಇನ್ನೇನಾಗುತ್ತದೆ? ನಿಮ್ಮ ‘ಮೇಜು’ ಅದೇ. ದಿಣ್ಣೆಯ ಬೆನ್ನಿನ ಮೇಲೆ, ಹಳ್ಳದ ತಳದಲ್ಲಿ, ಎರಡು ಕಡೆ ಇದು ಖಂಡಿತ ಕಾಣಿಸುತ್ತದೆ.

ಮದ್ದು: ದಿಣ್ಣೆಯ ಬೆನ್ನಿನ ಉದ್ದಕ್ಕೂ ಮೂರ್ನಾಲ್ಕು ಸ್ಪಾಟ್ ಲೆವೆಲ್ (ಎತ್ತರ ಗೊತ್ತಿರುವ ಬಿಡಿ ಚುಕ್ಕಿ) ಹಾಕಿ ಅಥವಾ ನೆಲ ಮುರಿಯುವ ಜಾಗ ತೋರಿಸುವ ಒಂದು ಬ್ರೇಕ್‌ಲೈನ್ ಎಳೆಯಿರಿ. ಟೋಪೋಸಾಲಿಡ್‌ನಲ್ಲಿ ಅದರ ಹೆಸರು ಸ್ಪ್ಲಿಟ್ ಲೈನ್. ತ್ರಿಕೋನದ ಅಂಚು ಆ ಗೆರೆಯನ್ನು ದಾಟುವುದಿಲ್ಲ, ಅದರ ಉದ್ದಕ್ಕೇ ಬರುತ್ತದೆ. ಕಾಂಟೂರ್ ಗೆರೆಯಲ್ಲಿ ಚುಕ್ಕಿ ಸಿಕ್ಕಾಪಟ್ಟೆ ಇದ್ದರೆ ಕಡಿಮೆ ಮಾಡಿ. ಚುಕ್ಕಿ ಹೆಚ್ಚಿದಷ್ಟೂ ನಿಖರ ಅನ್ನುವುದು ಸುಳ್ಳು. ಸರಿಯಾದ ಜಾಗದಲ್ಲಿರುವ ಹತ್ತು ಚುಕ್ಕಿ, ಒಂದೇ ಗೆರೆಯ ಮೇಲಿನ ಸಾವಿರಕ್ಕಿಂತ ಉತ್ತಮ.

ಸುಮ್ನೆಓದುಗ

ನಡುವೆ ಬಾಯಿ ಹಾಕುತ್ತಿದ್ದೇನೆ. ನಾನು ಸ್ಕೆಚ್‌ಅಪ್ ಬಳಸುವವಳು. ಸರ್ವೆ ಫೈಲ್ ತಂದರೆ ಗೆರೆಗಳೆಲ್ಲ ನಡುಗುತ್ತವೆ. ಜೂಮ್ ಮಾಡಿದರೆ ಮಾಡೆಲ್‌ನ ಮೇಲ್ಮೈಗಳು ಅರ್ಧ ಮಾಯ. ಕಂಪ್ಯೂಟರ್ ಹಳೆಯದಾಯಿತಾ?

ತ್ರಿಕೋನ

ಕಂಪ್ಯೂಟರ್ ಪಾಪ, ಅದರ ತಪ್ಪಿಲ್ಲ. ಸರ್ವೆಯ ಸಂಖ್ಯೆಗಳು ಭೂಮಿಯ ನಿರ್ದೇಶಾಂಕಗಳು. ಉತ್ತರ ದಿಕ್ಕಿನ ಸಂಖ್ಯೆ ಹತ್ತು ಲಕ್ಷ ಮೀಟರ್ ದಾಟಿರಬಹುದು. ಪರದೆಗೆ ಚಿತ್ರ ಬಿಡಿಸುವ ಕಾರ್ಡ್ ಸಾಮಾನ್ಯವಾಗಿ 32 ಬಿಟ್ ಸಂಖ್ಯೆ ಬಳಸುತ್ತದೆ. ಅದರಲ್ಲಿ ಹಿಡಿಯುವುದು ಸುಮಾರು ಏಳು ಅಂಕಿ. ಸಂಖ್ಯೆ 10,48,576 ದಾಟಿತು ಅಂದರೆ, ಅಕ್ಕಪಕ್ಕದ ಎರಡು ಸಂಖ್ಯೆಗಳ ನಡುವೆ 0.125 ಮೀಟರ್ ಅಂತರ. ಅಂದರೆ ನಿಮ್ಮ ಗೋಡೆಯ ಅಂಚು ಹನ್ನೆರಡೂವರೆ ಸೆಂಟಿಮೀಟರ್ ಹೆಜ್ಜೆಯಲ್ಲೇ ಹಾರಬೇಕು. ನಡುಗದೆ ಇನ್ನೇನು ಮಾಡುತ್ತದೆ!

ಸೈಟಿನ ಒಂದು ಮೂಲೆಯನ್ನು ಮೂಲಬಿಂದುವಿಗೆ ತನ್ನಿ. ಎಷ್ಟು ಸರಿಸಿದಿರಿ ಅಂತ ಬರೆದಿಟ್ಟುಕೊಳ್ಳಿ. ರೆವಿಟ್‌ನಲ್ಲೂ ಇದೇ ಕಥೆ. ಒಳಗಿನ ಮೂಲಬಿಂದುವಿನಿಂದ 16 ಕಿಲೋಮೀಟರ್ ಒಳಗೆ ಇರಬೇಕು. ಅಲ್ಲಿ ಶೇರ್ಡ್ ಕೋಆರ್ಡಿನೇಟ್ಸ್ (ಮಾಡೆಲ್ ಇದ್ದಲ್ಲೇ ಇದ್ದು ಸರ್ವೆಯ ನಿರ್ದೇಶಾಂಕ ತೋರಿಸುವ ವ್ಯವಸ್ಥೆ) ಬಳಸಿದರೆ ಸರಿಸದೆಯೇ ಕೆಲಸ ಆಗುತ್ತದೆ.

ಮಣ್ಣುಗೆರೆ

ನೆಲ ಈಗ ಸೈಟಿನ ಥರವೇ ಕಾಣುತ್ತಿದೆ. ಖುಷಿಗೆ ತಡೆಯಲಾಗದೆ ಎಕ್ಸ್‌ಕವೇಟ್ ಒತ್ತಿಬಿಟ್ಟೆ, ಹಳೇಸ್ಕೇಲು ಸರ್ ಬೇಡ ಅಂದಿದ್ದರೂ. ಹಾಲ್‌ನಿಂದ ಹುಲ್ಲು ಹೋಯಿತು. ಆದರೆ ಹಿಂದಿನ ಬೆಡ್‌ರೂಂ ಕಿಟಕಿ ತೆರೆದರೆ ಎದುರಿಗೇ ಮಣ್ಣು! ಗೋಡೆಗೆ ಅಂಟಿಕೊಂಡೇ ನಿಂತಿದೆ. ಮನೆಯ ಅಂಚಿನಲ್ಲಿ ಚಾಕುವಿನಿಂದ ಕತ್ತರಿಸಿದ ಹಾಗೆ.

ಹಳೇಸ್ಕೇಲು

ಒತ್ತಿಬಿಡುತ್ತೀರಿ ಅಂತ ಗೊತ್ತಿತ್ತು 🙂

ಎಕ್ಸ್‌ಕವೇಟ್ ಅಗೆಯುವುದು ಫ್ಲೋರ್‌ನ ಅಂಚಿನವರೆಗೆ ಮಾತ್ರ, ಅದೂ ನೆಟ್ಟಗೆ. ಸುತ್ತಲಿನ ಮಣ್ಣು ಎಲ್ಲಿರಬೇಕು ಅಂತ ಅದಕ್ಕೆ ಗೊತ್ತಿಲ್ಲ. ಅದನ್ನು ನೀವೇ ಹೇಳಬೇಕು. ಒಂದು ಕಾಗದ ತೆಗೆದುಕೊಳ್ಳಿ. ನಿಜವಾದ ಕಾಗದ. ನಿಮ್ಮ ಮಟ್ಟಗಳನ್ನೇ ಇಟ್ಟು ಲೆಕ್ಕ ಹಾಕೋಣ.

ಒಳಗಿನ ನೆಲ 101.50. ಹೊರಗಿನ ಮಣ್ಣು ಅದಕ್ಕಿಂತ 15 ಸೆಂಟಿಮೀಟರ್ ಆದರೂ ಕೆಳಗಿರಬೇಕು, ಇಲ್ಲದಿದ್ದರೆ ಗೋಡೆಗೆ ತೇವ ಏರುತ್ತದೆ. ಅಲ್ಲಿಗೆ ಹಿಂದಿನ ಗೋಡೆಯ ಬುಡದಲ್ಲಿ ಮಣ್ಣು 101.35. ಈಗ ಎ ಮೂಲೆಯಲ್ಲಿ ನೆಲ 102.40 ಇದೆ. ಅಂದರೆ 1.05 ಮೀಟರ್ ಅಗೆಯಬೇಕು. ಬಿ ಮೂಲೆಯಲ್ಲಿ 75 ಸೆಂಟಿಮೀಟರ್.

ಅಲ್ಲಿಗೆ ಮುಗಿಯಲಿಲ್ಲ. ನೀರು ಗೋಡೆಯಿಂದ ಆಚೆ ಹೋಗಬೇಕು. ಅಮೆರಿಕದ ವಸತಿ ಕೋಡ್ ಐಆರ್‌ಸಿಯಲ್ಲಿ ಮೊದಲ 10 ಅಡಿಗೆ 6 ಇಂಚು ಇಳಿಜಾರು ಕೇಳುತ್ತಾರೆ, ಅಂದರೆ ಶೇ. 5. ನಿಮ್ಮಲ್ಲಿ ಬೇರೆ ನಿಯಮ ಇದ್ದರೆ ಅದನ್ನೇ ಹಿಡಿಯಿರಿ, ಲೆಕ್ಕದ ದಾರಿ ಒಂದೇ. ಗೋಡೆಯಿಂದ 3 ಮೀಟರ್ ಹಿಂದಕ್ಕೆ 15 ಸೆಂಟಿಮೀಟರ್ ಇಳಿಸಿ. ಅಲ್ಲಿ ಮಟ್ಟ 101.20. ಅದು ನೀರು ಹರಿಯುವ ತಗ್ಗು.

ಈಗ ಆ ತಗ್ಗಿನಿಂದ ಮೇಲೆ ಹತ್ತಿ ಹಳೇ ನೆಲಕ್ಕೆ ಸೇರಬೇಕು. ಎ ಹಿಂದೆ 3 ಮೀಟರ್‌ನಲ್ಲಿ ಹಳೇ ನೆಲ 103.00. ಅಂದರೆ 1.80 ಮೀಟರ್ ಎತ್ತರ ಬಾಕಿ. ಮಣ್ಣನ್ನು ಎರಡಕ್ಕೆ ಒಂದರಂತೆ ಇಳಿಜಾರು ಬಿಟ್ಟರೆ ಪ್ರತಿ ಮೀಟರ್‌ಗೆ 50 ಸೆಂಟಿಮೀಟರ್ ಹತ್ತುತ್ತೀರಿ. ಆದರೆ ಹಳೇ ನೆಲವೂ ಸುಮ್ನೆ ನಿಂತಿಲ್ಲ, ಅದು ಮೀಟರ್‌ಗೆ 20 ಸೆಂಟಿಮೀಟರ್ ಏರುತ್ತಿದೆ. ಅದನ್ನು ನೀವು ಹಿಡಿಯುವ ವೇಗ ಮೀಟರ್‌ಗೆ 30 ಸೆಂಟಿಮೀಟರ್ ಮಾತ್ರ. 1.80ನ್ನು 0.30ರಿಂದ ಭಾಗಿಸಿ, 6 ಮೀಟರ್. ಮೊದಲಿನ 3 ಸೇರಿ, ಗೋಡೆಯಿಂದ 9 ಮೀಟರ್ ಹಿಂದೆ ಹೋದ ಮೇಲೆ ಹೊಸ ಮಣ್ಣು ಹಳೇ ಮಣ್ಣನ್ನು ಮುಟ್ಟುತ್ತದೆ.

ನಿಮ್ಮ ಮನೆಯ ಹಿಂದೆ ಎಷ್ಟು ಜಾಗ ಇದೆ?

ಮಣ್ಣುಗೆರೆ

5 ಮೀಟರ್. ಆಮೇಲೆ ಪಕ್ಕದವರ ಬೇಲಿ.

ಈಗ ಅರ್ಥವಾಯಿತು, ಯಾಕೆ ಎಷ್ಟು ಚುಕ್ಕಿ ಎಳೆದಾಡಿದರೂ ನೆಲ ಬೇಲಿ ದಾಟಿ ಹೋಗುತ್ತಿತ್ತು ಅಂತ. ಸಾಫ್ಟ್‌ವೇರ್‌ಗೆ ಬೈಯುತ್ತಿದ್ದೆ.

ಹಳೇಸ್ಕೇಲು

ಹಾಗಾದರೆ ನಿಮಗೆ ತಡೆಗೋಡೆ ಬೇಕು. 3 ಮೀಟರ್‌ನಲ್ಲೇ ಹಾಕಿದರೆ ಎತ್ತರ 1.80. ಇದು ಆಟದ ಗೋಡೆಯಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಬೇಕಾದದ್ದು. ಇಲ್ಲವಾದರೆ ಮನೆಯ ನೆಲವನ್ನೇ ಒಂದಿಷ್ಟು ಮೇಲೆತ್ತಿ, ಮುಂದೆ ಮೆಟ್ಟಿಲು ಜಾಸ್ತಿಯಾಗುತ್ತದೆ. ಈಗಾಗಲೇ ಸಿ ಮೂಲೆಯಲ್ಲಿ ಒಳನೆಲ ಮಣ್ಣಿನಿಂದ 1.70 ಮೇಲಿದೆ. ಎರಡರಲ್ಲಿ ಯಾವುದು ಅನ್ನುವುದು ನಿಮಗೆ, ಮನೆಯವರಿಗೆ ಬಿಟ್ಟದ್ದು. ಆದರೆ ಈ ಮಾತುಕತೆ ಆಗಬೇಕಾದದ್ದು ಮಾಡೆಲ್ ಶುರು ಮಾಡುವ ಮೊದಲು, ಅಲ್ವಾ?

ಪಾಯದಕಡೆ

ಎಲ್ಲ ಓದಿದೆ. ಒಂದು ಪ್ರಶ್ನೆ. ಇಷ್ಟೆಲ್ಲ ಮೂರು ಆಯಾಮದಲ್ಲಿ ಯಾಕೆ? ನಾನು ಸೈಟಿನಲ್ಲಿ ನಿಂತು ಕೆಲಸ ಮಾಡಿಸುವವನು. ನನಗೆ ನಾಲ್ಕು ಸೆಕ್ಷನ್ (ಕತ್ತರಿಸಿ ಪಕ್ಕದಿಂದ ನೋಡಿದ ಚಿತ್ರ) ಕೊಡಿ, ಮೂಲೆಗಳ ಮಟ್ಟ ಬರೆದ ಒಂದು ಪ್ಲಾನ್ ಕೊಡಿ, ಸಾಕು. ಹಸಿರು ಬಣ್ಣದ ಗುಡ್ಡ ನೋಡಿ ಯಾವ ಮೇಸ್ತ್ರಿಯೂ ಪಾಯ ತೆಗೆದಿಲ್ಲ.

ಮತ್ತೆ, ಎಲ್ಲರೂ ಮೇಲಿನ ಮಣ್ಣಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ಕೆಳಗೆ? ಅಮೆರಿಕದ ಕಟ್ಟಡ ಕೋಡ್ ಐಬಿಸಿಯಲ್ಲಿ ಫುಟಿಂಗ್‌ನ (ಪಾಯದ ಅಗಲ ಬುಡದ) ತಳ ಹತ್ತಕ್ಕೆ ಒಂದಕ್ಕಿಂತ ಜಾಸ್ತಿ ಇಳಿಜಾರಾದರೆ ಮೆಟ್ಟಿಲು ಮೆಟ್ಟಿಲಾಗಿ ಮಾಡಬೇಕು ಅಂತಿದೆ. ಇವರದ್ದು ಹತ್ತಕ್ಕೆ ಎರಡು. ಅಂದರೆ ಪಕ್ಕದ ಗೋಡೆಗಳ ಕೆಳಗೆ ಮೆಟ್ಟಿಲು ಪಾಯ ಬೇಕೇ ಬೇಕು. ಮಾಡೆಲ್‌ನಲ್ಲಿ ಆ ಮೆಟ್ಟಿಲು ಇದೆಯಾ, ಅಥವಾ ನೆಲದೊಳಗೆ ಒಂದೇ ಉದ್ದ ಗೋಡೆ ಇಳಿಬಿಟ್ಟಿದ್ದೀರಾ?

ಮಣ್ಣುಗೆರೆ

ಒಂದೇ ಉದ್ದ ಗೋಡೆ 🙈

ಹಳೇಸ್ಕೇಲು

ಪಾಯದಕಡೆ ಅವರ ಮಾತಿಗೆ ಅರ್ಧ ಒಪ್ಪಿಗೆ. ಸಪಾಟು ಸೈಟಿಗೆ ಸೆಕ್ಷನ್ ಸಾಕು. ಆದರೆ ಇಳಿಜಾರಿನಲ್ಲಿ ಎರಡು ಸೆಕ್ಷನ್‌ಗಳ ನಡುವೆ ಏನಾಗುತ್ತದೆ ಅನ್ನುವುದೇ ತಲೆನೋವು. ಮೂಲೆಗಳಲ್ಲಿ ಎರಡು ಕಡೆಯ ಇಳಿಜಾರು ಸೇರುವ ಜಾಗ ಸೆಕ್ಷನ್‌ನಲ್ಲಿ ಕಾಣುವುದೇ ಇಲ್ಲ. ಮೂರು ಆಯಾಮದ ನೆಲ ನನಗೆ ಬೇಕಿರುವುದು ಆ ಮೂಲೆಗಳಿಗೋಸ್ಕರ.

ಮೆಟ್ಟಿಲು ಪಾಯದ ವಿಷಯ ಪೂರ್ತಿ ಸರಿ. ಮಣ್ಣುಗೆರೆ ಅವರೇ, ಪಕ್ಕದ ಗೋಡೆಯನ್ನು ತುಂಡು ತುಂಡಾಗಿ ಮಾಡಿ, ಪ್ರತಿ ತುಂಡಿಗೆ ಬೇರೆ ಬೇರೆ ತಳದ ಮಟ್ಟ ಕೊಡಿ. ಆಮೇಲೆ ಸೆಕ್ಷನ್ ತೆಗೆದು ಒಂದೇ ಒಂದು ಪರೀಕ್ಷೆ ಮಾಡಿ: ಪ್ರತಿ ಮೆಟ್ಟಿಲಿನ ತಳವೂ ಹೊಸ ಮಣ್ಣಿನ ಗೆರೆಯಿಂದ ಬೇಕಾದಷ್ಟು ಆಳದಲ್ಲಿದೆಯಾ? ಹಳೇ ಮಣ್ಣಿನಿಂದ ಅಳೆದು ಮೋಸ ಹೋಗಬೇಡಿ. ಮನೆಯ ಹಿಂಭಾಗದಲ್ಲಿ ನೀವು ಒಂದು ಮೀಟರ್ ಅಗೆದುಬಿಟ್ಟಿದ್ದೀರಿ. ಅಲ್ಲಿ ಹಳೇ ನೆಲದಿಂದ 1.20 ಆಳದ ಪಾಯ ಅಂದರೆ ಈಗ ಬರೀ 15 ಸೆಂಟಿಮೀಟರ್ ಮಣ್ಣಿನಡಿ ಇರುತ್ತದೆ.

ಪಾಯದಕಡೆ

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಡ್ರಾಯಿಂಗ್‌ನಲ್ಲಿ ಆಳ ಸರಿಯಾಗಿತ್ತು, ಯಾವ ನೆಲದಿಂದ ಅಂತ ಬರೆದಿರಲಿಲ್ಲ. ಪಾಯ ಹಾಕಿದ ಮೇಲೆ ಅಂಗಳ ಸಮ ಮಾಡುವಾಗ ಫುಟಿಂಗ್‌ನ ಅಂಚು ಹೊರಗೆ ಬಂತು. ಆಮೇಲಿನ ಜಗಳ ಇಲ್ಲಿ ಬೇಡ.

ಸುಮ್ನೆಓದುಗ

ಮೂಲಬಿಂದುವಿಗೆ ತಂದೆ, ನಡುಕ ನಿಂತಿತು. ಥ್ಯಾಂಕ್ಸ್! ಸ್ಕೆಚ್‌ಅಪ್‌ನಲ್ಲಿ ಹಳೇಸ್ಕೇಲು ಹೇಳಿದ್ದನ್ನು ಮಾಡಲು ಸ್ಟ್ಯಾಂಪ್ ಟೂಲ್ ಸಾಕಾ?

ರಾತ್ರಿರೆಂಡರ್

ಸ್ಟ್ಯಾಂಪ್ ಮನೆಯ ಅಡಿಯಾಕಾರವನ್ನು ನೆಲಕ್ಕೆ ಮುದ್ರೆ ಒತ್ತುತ್ತದೆ. ಸುತ್ತ ಎಷ್ಟು ಅಂತರದಲ್ಲಿ ಇಳಿಜಾರು ಮಾಡಬೇಕು ಅಂತ ಆಫ್‌ಸೆಟ್ ಕೇಳುತ್ತದೆ. ಆದರೆ ಮನೆಯ ತಳದ ಮುಖ ಸಮತಟ್ಟಾಗಿದ್ದರೆ ಮುದ್ರೆಯೂ ಸಮತಟ್ಟು. ಹಿಂದೆ 101.35, ಮುಂದೆ 100 ಅಂತ ಬೇರೆ ಬೇರೆ ಮಟ್ಟ ಬೇಕಾದರೆ ಸುತ್ತಲಿನ ಗೆರೆಗಳನ್ನು ನೀವೇ ಸರಿಯಾದ ಎತ್ತರಕ್ಕೆ ಎಳೆದು, ಅವುಗಳಿಂದ ನೆಲ ಮಾಡುವ ಫ್ರಂ ಕಾಂಟೂರ್ಸ್ ಟೂಲ್ ಹಾಕುವುದು ಮೇಲು. ಒಂದೆರಡು ತ್ರಿಕೋನ ಅಡ್ಡಾದಿಡ್ಡಿ ಬಂದರೆ ಅವುಗಳ ಅಂಚು ತಿರುಗಿಸಲು ಫ್ಲಿಪ್ ಎಡ್ಜ್ ಇದೆ. ಮೊದಲು ನೆಲದ ಗ್ರೂಪ್‌ನ ಒಂದು ನಕಲು ಇಟ್ಟುಕೊಳ್ಳಿ. ಸ್ಟ್ಯಾಂಪ್ ಒತ್ತಿ ನಾಲ್ಕು ಗಂಟೆ ಕೆಲಸ ಮಾಡಿದ ಮೇಲೆ ‘ಹಳೇ ನೆಲ ಹೇಗಿತ್ತು’ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ನನಗೆ ಆಗಿದೆ.

ತ್ರಿಕೋನ

ನಕಲಿನ ಮಾತು ಎಲ್ಲ ಸಾಫ್ಟ್‌ವೇರ್‌ಗೂ ಅನ್ವಯ. ಹಳೇ ನೆಲಕ್ಕೆ ಕೈ ಹಚ್ಚಲೇಬಾರದು. ಅದರ ನಕಲನ್ನು ತಿದ್ದಿ ಹೊಸ ನೆಲ ಮಾಡಿ. ರೆವಿಟ್‌ನಲ್ಲಿ ಫೇಸ್ (ಕೆಲಸದ ಹಂತ) ಬೇರೆ ಮಾಡಿ ಇಡಬಹುದು.

ಆರ್ಕಿಕ್ಯಾಡ್ ಸಾಫ್ಟ್‌ವೇರ್‌ನವರು ನೆಲಕ್ಕೆ ಮೆಶ್ ಇಟ್ಟು, ಸಾಲಿಡ್ ಎಲಿಮೆಂಟ್ ಆಪರೇಶನ್ಸ್‌ನಲ್ಲಿ ‘ಮೇಲ್ಮುಖ ಎಳೆತದೊಂದಿಗೆ ಕಳೆಯುವುದು’ ಆರಿಸಿ. ಸ್ಲ್ಯಾಬ್‌ನಿಂದ ಮೇಲಿರುವ ಮಣ್ಣೆಲ್ಲ ಹೋಗುತ್ತದೆ. ಕತ್ತರಿಸಿದ ವಸ್ತುವನ್ನು ಬೇರೆ ಲೇಯರ್‌ನಲ್ಲಿ ಮುಚ್ಚಿಡಿ, ಅಳಿಸಬೇಡಿ. ಫ್ರೀಕ್ಯಾಡ್‌ನಲ್ಲಿ ಸೈಟ್ ವಸ್ತುವಿಗೆ ಕೂಡಿಸುವ, ಕಳೆಯುವ ವಸ್ತುಗಳ ಪಟ್ಟಿಯೇ ಇದೆ. ಎರಡರ ಘನಗಾತ್ರವನ್ನೂ ಅದೇ ತೋರಿಸುತ್ತದೆ.

ಮಣ್ಣುಗೆರೆ

ಘನಗಾತ್ರ ಅಂದಾಗ ನೆನಪಾಯಿತು. ಮನೆಯ ಕೆಳಗೆ ಅಗೆದ ಮಣ್ಣು 12 ಘನ ಮೀಟರ್ ಚಿಲ್ಲರೆ ಅಂತ ರೆವಿಟ್ ತೋರಿಸುತ್ತಿದೆ. ನಂಬಬಹುದಾ? ಫ್ಲೋರ್‌ನ ದಪ್ಪ 30 ಸೆಂಟಿಮೀಟರ್, ತಳ 101.20.

ಪಾಯದಕಡೆ

ಕೈಲೆಕ್ಕ ಹಾಕಿ ನೋಡೋಣ. ಹಿಂದಿನ ಎರಡು ಮೂಲೆಯ ಸರಾಸರಿ 102.25, ಮುಂದಿನದ್ದು 99.90. ಒಟ್ಟು ಇಳಿತ 2.35. ತಳ 101.20 ಆದ್ದರಿಂದ ಹಿಂದಿನ ಗೋಡೆಯಲ್ಲಿ ಅಗೆತ 1.05. ಅದು ಸೊನ್ನೆಯಾಗುವುದು ಹಿಂದಿನಿಂದ 5.36 ಮೀಟರ್‌ನಲ್ಲಿ. ಬೆಣೆಯಾಕಾರ. 1.05 ಗುಣಿಸು 5.36, ಅದರ ಅರ್ಧ, 9 ಮೀಟರ್ ಅಗಲಕ್ಕೆ ಗುಣಿಸಿ. 25 ಘನ ಮೀಟರ್. ನಿಮ್ಮ 12 ಅದರ ಅರ್ಧ. ಎಲ್ಲೋ ಎಡವಟ್ಟಾಗಿದೆ.

ತ್ರಿಕೋನ

ನಿಮ್ಮ ಟೋಪೋಸಾಲಿಡ್ ಎಷ್ಟು ದಪ್ಪ?

ಮಣ್ಣುಗೆರೆ

ಮೊದಲಿಂದ ಇದ್ದದ್ದನ್ನೇ ಬಿಟ್ಟಿದ್ದೆ. 300 ಮಿಲಿಮೀಟರ್.

ತ್ರಿಕೋನ

ಸಿಕ್ಕಿತು. ನಿಮ್ಮ ನೆಲ ಒಂದು ಕಂಬಳಿ ಥರ, 30 ಸೆಂಟಿಮೀಟರ್ ದಪ್ಪ. ಒಂದು ಮೀಟರ್ ಅಗೆಯಬೇಕಾದ ಕಡೆ ಕಂಬಳಿ ತೂತಾಗಿ ಕೆಳಗೆ ಖಾಲಿ. ಇಲ್ಲದ ಮಣ್ಣನ್ನು ಅದು ಹೇಗೆ ಲೆಕ್ಕ ಹಾಕೀತು? ಸೆಕ್ಷನ್ ತೆಗೆದು ನೋಡಿ, ಪಾಯದ ಕೆಳಗೆ ಆಕಾಶ ಕಾಣುತ್ತದೆ. ಟೈಪ್‌ಗೆ ಹೋಗಿ ದಪ್ಪ 4 ಮೀಟರ್ ಮಾಡಿ, ಕೆಳಗಿನ ಪದರಕ್ಕೆ ವೇರಿಯಬಲ್ ಗುರುತು ಹಾಕಿ. ಆಗ ತಳ ಸಪಾಟಾಗುತ್ತದೆ, ಮೇಲ್ಮೈ ಮಾತ್ರ ಏರಿಳಿಯುತ್ತದೆ.

ಮಣ್ಣುಗೆರೆ

25.4. ಅಬ್ಬಾ!

ಹಾಗಾದರೆ ಅಗೆದ 25 ಘನ ಮೀಟರ್ ಅನ್ನು ಮುಂದಕ್ಕೆ ತುಂಬಿದರೆ ಆಯಿತಲ್ಲ? ಮಣ್ಣು ಅಗೆದರೆ ಉಬ್ಬುತ್ತದೆ ಅಂತ ಬೇರೆ ಕೇಳಿದ್ದೇನೆ.

ಪಾಯದಕಡೆ

ಇದರಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಸಾಧಾರಣ ಮಣ್ಣು ಅಗೆದ ಮೇಲೆ ಕಾಲುಭಾಗದಷ್ಟು ಉಬ್ಬುತ್ತದೆ ಅಂತ ಹಿಡಿಯಿರಿ. ಆ ಲೆಕ್ಕ ಲಾರಿಗೆ. ತುಂಬಿ, ನೀರು ಹಾಕಿ ದಮ್ಮಸು ಮಾಡಿದರೆ ಉಬ್ಬೆಲ್ಲ ಇಳಿದುಹೋಗುತ್ತದೆ, ಕೆಲವು ಮಣ್ಣು ಮೊದಲಿಗಿಂತಲೂ ಕುಗ್ಗುತ್ತದೆ. ಮುಂದಿನ ಭಾಗದಲ್ಲಿ ತುಂಬಬೇಕಾದ ಬೆಣೆ 6.64 ಮೀಟರ್ ಉದ್ದ, ತುದಿಯಲ್ಲಿ 1.30 ಎತ್ತರ. ಅದು ಹತ್ತಿರ ಹತ್ತಿರ 39 ಘನ ಮೀಟರ್. ಮನೆಯ ಕೆಳಗಿನ ಮಣ್ಣು ಸಾಲದು. ಹಿಂದೆ ತಗ್ಗು ತೆಗೆಯುತ್ತೀರಲ್ಲ, ಆ ಮಣ್ಣು ಬೇಕಾದಷ್ಟಿದೆ. ಆದರೆ ಮೇಲಿನ ಬೇರು-ಗೊಬ್ಬರದ ಪದರವನ್ನು ಬೇರೆ ಇಡಿ. ಅದನ್ನು ನೆಲದ ಕೆಳಗೆ ತುಂಬಬಾರದು.

ಮಣ್ಣುಗೆರೆ

ಎರಡು ದಿನದ ನಂತರ ಬಂದಿದ್ದೇನೆ. ಮೆಟ್ಟಿಲು ಪಾಯ ಆಯಿತು. ತಡೆಗೋಡೆಯೇ ಬೇಕು ಅಂತ ಮನೆಯವರು ಒಪ್ಪಿದರು. ಎಂಜಿನಿಯರ್ ಹತ್ತಿರ ಹೋಗಿದೆ. ಆದರೆ ಮಾಡೆಲ್‌ನಲ್ಲಿ ತಡೆಗೋಡೆಯ ಮೇಲೆ 103.00, ಕೆಳಗೆ 101.20 ಕೊಡಲು ಹೋದರೆ ಒಂದೇ ಜಾಗದಲ್ಲಿ ಎರಡು ಚುಕ್ಕಿ ಇಡಲು ಬಿಡುತ್ತಿಲ್ಲ.

ತ್ರಿಕೋನ

ಬಿಡುವುದಿಲ್ಲ. ಮೇಲಿನಿಂದ ನೋಡಿದಾಗ ಒಂದು ಜಾಗಕ್ಕೆ ಒಂದೇ ಎತ್ತರ. ನೆಟ್ಟಗಿನ ಗೋಡೆ ಆ ನಿಯಮಕ್ಕೆ ಒಗ್ಗದು.

ಆದರೆ ತಡೆಗೋಡೆಗೆ ದಪ್ಪ ಇದೆಯಲ್ಲ! ಒಂದು ಸಾಲು ಚುಕ್ಕಿ ಗೋಡೆಯ ಹಿಂಬದಿಯ ಮುಖದ ಮೇಲೆ, ಮೇಲಿನ ಮಟ್ಟದಲ್ಲಿ. ಇನ್ನೊಂದು ಸಾಲು ಮುಂಬದಿಯ ಮುಖದ ಮೇಲೆ, ಕೆಳಗಿನ ಮಟ್ಟದಲ್ಲಿ. ನಡುವಿನ ಕಡಿದಾದ ಪಟ್ಟಿ ಗೋಡೆಯ ಹೊಟ್ಟೆಯೊಳಗೆ ಅಡಗಿಹೋಗುತ್ತದೆ. ಎರಡೂ ಸಾಲಿಗೆ ಸ್ಪ್ಲಿಟ್ ಲೈನ್ ಎಳೆಯಿರಿ, ಇಲ್ಲದಿದ್ದರೆ ತ್ರಿಕೋನ ಅಡ್ಡ ಹಾರಿ ಗೋಡೆಯಿಂದ ಹಲ್ಲಿನಂತೆ ಮಣ್ಣು ಹೊರಗೆ ಚಾಚುತ್ತದೆ.

ಹಳೇಸ್ಕೇಲು

ತಗ್ಗಿನ ಉದ್ದಕ್ಕೂ 101.20 ಅಂತ ಒಂದೇ ಮಟ್ಟ ಕೊಟ್ಟಿಲ್ಲ ತಾನೇ? ನೀರು ನಿಲ್ಲುತ್ತದೆ. ಎ ಹಿಂದೆ 101.20ರಿಂದ ಶುರು ಮಾಡಿ, ಬಲಗಡೆಗೆ ಶೇ. 2ರಂತೆ ಇಳಿಸಿ. 9 ಮೀಟರ್ ಮನೆ, ಆಚೆ 3 ಮೀಟರ್, ಒಟ್ಟು 12ಕ್ಕೆ 24 ಸೆಂಟಿಮೀಟರ್. ತಿರುವಿನಲ್ಲಿ 100.96. ಅಲ್ಲಿಂದ ಮುಂದಕ್ಕೆ ತಿರುಗಿಸಿ. ಬಿ ಪಕ್ಕದಲ್ಲಿ 100.90 ಇರುತ್ತದೆ, ಹಳೇ ನೆಲ ಅಲ್ಲಿ 102.00. ಬಲಗಡೆ ಹಳೇ ನೆಲ ಶೇ. 19ರಂತೆ ಬೇಗ ಬೇಗ ಇಳಿಯುತ್ತದೆ, ಆದ್ದರಿಂದ ಸುಮಾರು 6.4 ಮೀಟರ್ ಮುಂದೆ ಹೋದರೆ ಎರಡೂ ಒಂದಾಗುತ್ತವೆ. ತಡೆಗೋಡೆಯೂ ಅಲ್ಲಿಗೆ ಸಣ್ಣದಾಗುತ್ತಾ ಬಂದು ಮುಗಿಯಬೇಕು. ಎಡಗಡೆಯೂ ಇದೇ ಥರ ಲೆಕ್ಕ ಹಾಕಿ, ಅಲ್ಲೂ ಗೋಡೆ ಸ್ವಲ್ಪ ತಿರುಗಬೇಕಾಗುತ್ತದೆ.

ಮಣ್ಣುಗೆರೆ

ಒಂದೇ ಮಟ್ಟ ಕೊಟ್ಟಿದ್ದೆ. ನಿಮಗೆ ಹೇಗೆ ಗೊತ್ತಾಗುತ್ತದೆ ಸರ್?!

ಹಳೇಸ್ಕೇಲು

ನಾನೂ ಕೊಟ್ಟಿದ್ದೆ, ಒಂದು ಕಾಲದಲ್ಲಿ.

ಮಟ್ಟಗೋಲು

ನೀರು ಹರಿಯುತ್ತದಾ ಅಂತ ನೋಡಲು ಒಂದು ಸುಲಭ ಉಪಾಯ. ಟೋಪೋಸಾಲಿಡ್ ಟೈಪ್‌ನಲ್ಲಿ ಕಾಂಟೂರ್ ಅಂತರವನ್ನು 10 ಸೆಂಟಿಮೀಟರ್‌ಗೆ ಇಳಿಸಿ, ಪ್ಲಾನ್ ನೋಡಿ. ನೀರು ಕಾಂಟೂರ್ ಗೆರೆಗೆ ಅಡ್ಡಲಾಗಿ ಇಳಿಯುತ್ತದೆ. ಎಲ್ಲಾದರೂ ಗೆರೆ ಉಂಗುರದಂತೆ ಮುಚ್ಚಿಕೊಂಡಿದ್ದು, ಒಳಗಿನ ಮಟ್ಟ ಕಡಿಮೆ ಇದ್ದರೆ ಅದು ಹೊಂಡ.

ಮಣ್ಣುಗೆರೆ

ಹಾಕಿ ನೋಡಿದೆ. ಹಿಂದಿನ ಬಲ ತಿರುವಿನಲ್ಲಿ ಒಂದರೊಳಗೊಂದು ಎರಡು ಉಂಗುರ! ಸ್ಪಾಟ್ ಎಲಿವೇಶನ್ ಇಟ್ಟು ನೋಡಿದರೆ 100.69. ನಾನು 100.96ರ ಬದಲು ಅಂಕಿ ತಿರುಗಿಸಿ ಹೊಡೆದಿದ್ದೆ. ಮನೆಯ ಹಿಂದೆ 20 ಸೆಂಟಿಮೀಟರ್‌ಗೂ ಜಾಸ್ತಿ ಆಳದ ಕೆರೆ ಕಟ್ಟಿದ್ದೆ.

ಸರಿ ಮಾಡಿದೆ. ಉಂಗುರ ಹೋಯಿತು. ಗೆರೆಗಳು ಈಗ ತಿರುವನ್ನು ಬಳಸಿಕೊಂಡು ಮುಂದಕ್ಕೆ ಹೋಗುತ್ತಿವೆ. ಹಾಲ್‌ನಲ್ಲೂ ಕ್ಯಾಮೆರಾ ಇಟ್ಟು ನೋಡಿದೆ, ಸೋಫಾ ಹಿಂದೆ ಗೋಡೆ ಮಾತ್ರ ಇದೆ.

ರಾತ್ರಿರೆಂಡರ್

ಒಳಾಂಗಣ ತೋಟ ಕ್ಯಾನ್ಸಲ್ಲಾ? ನಾನು ಹುಲ್ಲಿನ ಟೆಕ್ಸ್‌ಚರ್ ಹುಡುಕಿಟ್ಟಿದ್ದೆ.